ಮನೆಯವರೆಗೆ ಬಂದ ಅಭಿನಯ

ಹಬ್ಬ-ಹುಣ್ಣಿಮೆಗಳಲ್ಲಿ ಬಂಧು-ಬಾಂಧವರು ಕೂಡಿದಾಗ, ಊಟ ಮುಗಿದು ಎಲೆ-ಅಡಿಕೆಯ ತಟ್ಟೆ ಬಂದ ಮೇಲೆ, ಮಾತು ಹಳೆಯ ಚಲನಚಿತ್ರಗಳತ್ತ ಹೊರಳುವುದು ಗದಗ-ಬೆಟಗೇರಿಯ ನಮ್ಮ ಮನೆಗಳಲ್ಲಿ ಹೊಸ ಸಂಗತಿಯೇನಲ್ಲ. ೧೯೭೦ರ ದಶಕವನ್ನು ಕಂಡ ಹಿರಿಯರಿದ್ದರಂತೂ, ಆ ಹತ್ತು ವರ್ಷಗಳಲ್ಲಿ ಶ್ರೇಷ್ಠ ಅಭಿನಯ ಯಾರದು ಎಂಬ ವಾದ ಹುಟ್ಟದೆ ಇರುವುದಿಲ್ಲ. ಒಬ್ಬರು ರಾಜಕುಮಾರರ ಹೆಸರು ಹೇಳಿದರೆ, ಇನ್ನೊಬ್ಬರು ಕಲ್ಪನಾ ಎನ್ನುತ್ತಾರೆ. ಮತ್ತೊಬ್ಬರು ಅಶ್ವತ್ಥರನ್ನು ಬಿಟ್ಟರೆ ಯಾರಿದ್ದಾರೆ ಎಂದು ಕೇಳುತ್ತಾರೆ. ವಾದ ಮುಗಿಯದಿರಲು ಕಾರಣವೆಂದರೆ, ಪ್ರತಿಯೊಬ್ಬರ ಕೈಯಲ್ಲಿಯೂ ಬೇರೆ ಬೇರೆ ಅಳತೆಗೋಲು ಇರುವುದು. ನಮ್ಮ ಅಳತೆಗೋಲು ತೀರ ಸರಳವಾದದ್ದು. ಯಾವ ಅಭಿನಯವು ಚಿತ್ರಮಂದಿರದಲ್ಲಿಯೇ ಉಳಿಯದೆ ನಮ್ಮ ಹಿಂದೆ ಮನೆಯವರೆಗೆ ನಡೆದು ಬಂದು, ಮನೆಯಲ್ಲಿದ್ದ ಒಬ್ಬ ಮನುಷ್ಯನನ್ನು ನಾವು ಬೇರೆ ಕಣ್ಣಿನಿಂದ ನೋಡುವಂತೆ ಮಾಡುತ್ತದೆಯೋ ಅದೇ ಶ್ರೇಷ್ಠ ಅಭಿನಯ.

ಈ ಮಾತನ್ನು ಹೇಳುವಾಗ ನಮ್ಮ ಸೀಮೆಯ ಹಿನ್ನೆಲೆಯನ್ನು ನೆನೆಯದೆ ಗತ್ಯಂತರವಿಲ್ಲ. ಇದು ನಾಟಕದ ನಾಡು. ಗರುಡ ಸದಾಶಿವರಾಯರು ತಮ್ಮ ದತ್ತಾತ್ರೇಯ ನಾಟಕ ಮಂಡಳಿಯನ್ನು ಕಟ್ಟಿ ಬೆಳೆಸಿದ್ದು ಗದುಗಿನಲ್ಲಿ. ಶಿರಹಟ್ಟಿಯ ಹೆಸರನ್ನು ಶಿರಹಟ್ಟಿ ವೆಂಕೋಬರಾಯರು ತಮ್ಮ ಮಂಡಳಿಯೊಡನೆ ಊರೂರಿಗೆ ಹೊತ್ತು ನಡೆದರು. ಪಂಡಿತ ಪುಟ್ಟರಾಜ ಗವಾಯಿಗಳವರು ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಅನ್ನ-ವಿದ್ಯೆಗಳಿಗಾಗಿ ನಾಟಕ ಕಂಪನಿಯನ್ನೇ ನಡೆಯಿಸಿದರು. ಜಾತ್ರೆ ಬಂತೆಂದರೆ ತಗಡಿನ ಗೋಡೆಯ ನಾಟಕದ ಟೆಂಟು, ಹಾರ್ಮೋನಿಯಮ್ಮಿನ ಸ್ವರ, ನಡುರಾತ್ರಿಯವರೆಗೆ ಮಾತಿನ ಮಳೆ. ಹೀಗಾಗಿ ನಮ್ಮ ಹಿರಿಯರಿಗೆ ನಟನೆಂದರೆ ಮೊದಲು ಕಂಠ. ಕಟ್ಟಕಡೆಯ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತವನಿಗೂ ಮಾತು ಸ್ಪಷ್ಟವಾಗಿ ಕೇಳಿಸಿದರೆ ಅವನು ನಟ, ಇಲ್ಲವಾದರೆ ಅಲ್ಲ.

ಚಲನಚಿತ್ರಗಳು ನಮ್ಮ ಊರುಗಳಿಗೆ ಬಂದದ್ದು ಈ ಕಿವಿಗಳ ಮುಂದೆ. ಗದುಗಿನಲ್ಲಿ ಓಡಿದ ಚಿತ್ರವು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನು ತಲುಪಲು ತಿಂಗಳುಗಳೇ ಬೇಕಾಗುತ್ತಿದ್ದವು. ತಲುಪಿದಾಗ ರೀಲಿನ ಮೇಲೆ ಗೆರೆಗಳು ಮೂಡಿರುತ್ತಿದ್ದವು. ನಡುವೆ ಹರಿದು ಅಂಟಿಸಿದ ಕಡೆ ಮಾತು ಹಾರಿಹೋಗುತ್ತಿತ್ತು. ಮಾತು ಹಾರಿಹೋದರೂ ಮುಖ ಉಳಿಯುತ್ತಿತ್ತು. ಹೀಗೆ ನಮ್ಮ ಜನ ಮೊದಲ ಸಲ ಮುಖವನ್ನು ಹತ್ತಿರದಿಂದ, ಮೌನದಲ್ಲಿ ನೋಡಲು ಕಲಿತರು. ೧೯೭೦ರ ದಶಕದ ದೊಡ್ಡ ಪಾತ್ರಧಾರಿಗಳಲ್ಲಿ ಅನೇಕರು ರಂಗಭೂಮಿಯಿಂದಲೇ ಬಂದವರು. ಆದರೆ ಕಂಠವನ್ನು ಎಲ್ಲಿ ಅಡಗಿಸಬೇಕೆಂಬ ವಿದ್ಯೆಯನ್ನು ಅವರು ಸಾಧಿಸಿಕೊಂಡಿದ್ದರು.

ರಾಜಕುಮಾರರನ್ನೇ ನೋಡೋಣ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬೆಳೆದ ಅವರ ಕಂಠದ ಬಗೆಗೆ ಹೇಳಬೇಕಾದುದೇ ಇಲ್ಲ. ನಮ್ಮ ಉತ್ತರ ಕರ್ನಾಟಕದ ನಾಟಕಕಾರರಾದ ಪಿ. ಬಿ. ಧುತ್ತರಗಿಯವರ ನಾಟಕವು ೧೯೭೪ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರವಾದಾಗ ಆ ಕಂಠವನ್ನು ಕೇಳಿ ನಮ್ಮ ಜನ ಕುಣಿದಾಡಿದರು. ಆದರೆ ಅವರ ಶ್ರೇಷ್ಠ ಕ್ಷಣ ಯಾವುದೆಂದು ನಮ್ಮನ್ನು ಕೇಳಿದರೆ, ೧೯೭೨ರ ‘ಬಂಗಾರದ ಮನುಷ್ಯ’ದಲ್ಲಿ ಊಟದ ಮುಂದಿನ ಆ ಕ್ಷಣವನ್ನು ತೋರಿಸುತ್ತೇವೆ. ಬಂಜರು ನೆಲವನ್ನು ಬಂಗಾರ ಮಾಡಿ, ಅಕ್ಕನ ಸಂಸಾರವನ್ನು ಹೆಗಲ ಮೇಲೆ ಹೊತ್ತ ರಾಜೀವನಿಗೆ, ತಾನೇ ಸಾಕಿ ಬೆಳೆಸಿದ ಅಕ್ಕನ ಮಗನು ಕಟು ನುಡಿಗಳನ್ನಾಡುತ್ತಾನೆ. ಆಗ ರಾಜೀವನು ಎದುರು ನುಡಿಯುವುದಿಲ್ಲ, ಲೆಕ್ಕ ಕೇಳುವುದಿಲ್ಲ. ಊಟವನ್ನು ಬಿಟ್ಟು ಎದ್ದು, ಮನೆಯನ್ನು ಬಿಟ್ಟು ನಡೆದುಬಿಡುತ್ತಾನೆ. ಅನ್ನವನ್ನು ಪ್ರಸಾದವೆಂದು ತಿಳಿಯುವ ಮನೆಗಳಲ್ಲಿ ಅರ್ಧ ಊಟಕ್ಕೆ ಏಳುವುದರ ಅರ್ಥವೇನೆಂದು ಯಾರೂ ವಿವರಿಸಬೇಕಾಗಿಲ್ಲ. ಮುಂಡರಗಿಯ ಕಡೆಯ ಮಳೆಯಾಧಾರಿತ ಎರಿ ಹೊಲಗಳಲ್ಲಿ, ಮದುವೆಯಾಗದೆ ಅಣ್ಣ-ತಮ್ಮಂದಿರ ಮಕ್ಕಳಿಗಾಗಿ ದುಡಿದ ಕಾಕಾಗಳು ಎಷ್ಟು ಮನೆಗಳಲ್ಲಿದ್ದರು! ಚಿತ್ರ ನೋಡಿ ಬಂದ ರಾತ್ರಿ ಅನೇಕ ಮನೆಗಳಲ್ಲಿ ಅಂಥ ಕಾಕಾನಿಗೆ ರೊಟ್ಟಿಯನ್ನು ಇನ್ನೊಮ್ಮೆ ಕೇಳಿ ಬಡಿಸಿದರೆಂದು ನಮ್ಮ ತಾಯಿಯವರು ಹೇಳುತ್ತಿದ್ದರು.

ಇನ್ನು ಕಲ್ಪನಾ ಅವರ ಕಾವೇರಿ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ಶರಪಂಜರ’ ೧೯೭೧ರಲ್ಲಿ ತೆರೆಗೆ ಬಂತು. ಬಾಣಂತಿತನದಲ್ಲಿ ಚಿತ್ತ ಕದಡಿದ ಗೃಹಿಣಿ ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳುತ್ತಾಳೆ. ರೋಗ ಹೋಗಿರುತ್ತದೆ, ಆದರೆ ರೋಗಿ ಎಂಬ ಹೆಸರು ಹೋಗಿರುವುದಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಕೊನೆಗೆ ಗಂಡ ದಾರಿ ತಪ್ಪಿದ್ದನ್ನು ತಿಳಿದಾಗ ಅವಳ ಮನಸ್ಸು ಮತ್ತೆ ಒಡೆದುಹೋಗುತ್ತದೆ. ಆ ಕೊನೆಯ ಭಾಗದ ಆರ್ಭಟವನ್ನು ಎಲ್ಲರೂ ಹೊಗಳುತ್ತಾರೆ. ನಮಗೆ ಅದಕ್ಕಿಂತ ಹೆಚ್ಚಾಗಿ ಮನಸ್ಸಿಗೆ ನಾಟಿದ್ದು, ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಮನೆಯವರ ಮುಖಗಳನ್ನು ಒಂದೊಂದಾಗಿ ನೋಡುವ ಅವರ ಕಣ್ಣುಗಳು. ತನ್ನ ಮನೆಯಲ್ಲಿಯೇ ಪರೀಕ್ಷೆಗೆ ನಿಂತ ಹೆಣ್ಣಿನ ಕಣ್ಣುಗಳವು.

ಲಕ್ಷ್ಮೇಶ್ವರದ ನಮ್ಮ ಬಂಧುಗಳೊಬ್ಬರ ಮನೆಯ ಸೊಸೆ ಅದೇ ಕಾಲದಲ್ಲಿ ಇಂಥದೇ ಬೇನೆಯಿಂದ ಬಳಲಿ, ಧಾರವಾಡದಲ್ಲಿ ಚಿಕಿತ್ಸೆ ಪಡೆದು ಮರಳಿದ್ದರು. ಓಣಿಯ ಹೆಂಗಸರು ಅವರ ಅತ್ತೆಗೆ, “ಆಕಿನ್ನ ಒಬ್ಬಾಕಿನ್ನ ಒಲಿ ಮುಂದ ಬಿಡಬ್ಯಾಡ್ರಿ, ಕೂಸಿನ್ನ ಕೈಯಾಗ ಕೊಡಬ್ಯಾಡ್ರಿ” ಎಂದು ಬುದ್ಧಿ ಹೇಳುತ್ತಿದ್ದರು. ಆ ಅತ್ತೆ ಓದು ಬಾರದವರು. ಊರಿಗೆ ‘ಶರಪಂಜರ’ ಬಂದಾಗ ನೆರೆಹೊರೆಯವರೊಡನೆ ಹೋಗಿ ನೋಡಿ ಬಂದರು. ಮರುದಿನ ಅದೇ ಬುದ್ಧಿಮಾತು ಬಂದಾಗ ಅವರು ಹೇಳಿದ ಮಾತು ನಮ್ಮ ಬಳಗದಲ್ಲಿ ಇಂದಿಗೂ ನೆನಪಿದೆ: “ಆಕೀಗೆ ಆರಾಮ ಆಗೇತಂತ ಡಾಕ್ಟರು ಹೇಳ್ಯಾರ. ಇನ್ನ ನಮಗ ಆರಾಮ ಆಗೂದು ಉಳದೈತಿ.” ಅಂದು ಸಂಜೆ ಕೂಸನ್ನು ಎತ್ತಿ ಸೊಸೆಯ ಉಡಿಯಲ್ಲಿ ಹಾಕಿದರಂತೆ. ಆ ಸೊಸೆ ಮುಂದೆ ಮೊಮ್ಮಕ್ಕಳನ್ನು ಕಂಡು, ತುಂಬು ಸಂಸಾರ ನಡೆಯಿಸಿದರು. ಕಲ್ಪನಾ ಅವರಿಗೆ ಈ ಸಂಗತಿ ಗೊತ್ತಿರಲು ಸಾಧ್ಯವಿರಲಿಲ್ಲ. ಅವರು ತಮ್ಮ ಕೊನೆಯ ದಿನಗಳಲ್ಲಿ ನಮ್ಮ ಉತ್ತರ ಕರ್ನಾಟಕದ ನಾಟಕ ಕಂಪನಿಯಲ್ಲಿಯೇ ಅಭಿನಯಿಸುತ್ತಿದ್ದು, ೧೯೭೯ರ ಮೇ ತಿಂಗಳಲ್ಲಿ ಸಂಕೇಶ್ವರದ ಹತ್ತಿರದ ಗೋಟೂರಿನಲ್ಲಿ ಕಣ್ಣುಮುಚ್ಚಿದರು. ಎಷ್ಟೋ ಮನೆಗಳ ದುಃಖಕ್ಕೆ ಮುಖ ಕೊಟ್ಟ ಆ ತಾಯಿಯ ದುಃಖವನ್ನು ಕೇಳುವವರು ಇರಲಿಲ್ಲವೇ ಎಂದು ಮನಸ್ಸು ಮರುಗುತ್ತದೆ.

೧೯೭೨ರ ‘ನಾಗರಹಾವು’ ಚಿತ್ರದ ಮಾತು ಬಂದಾಗ ತರುಣರೆಲ್ಲ ವಿಷ್ಣುವರ್ಧನರ ರಾಮಾಚಾರಿಯನ್ನು ಹೊಗಳುತ್ತಾರೆ. ಅದು ಸಹಜವೇ ಆಗಿದೆ. ಆದರೆ ಆ ಸಿಡಿಲಿನಂಥ ಹುಡುಗನಿಗೆ ಭೂಮಿಯಾಗಿ ನಿಂತವರು ಚಾಮಯ್ಯ ಮೇಷ್ಟರ ಪಾತ್ರದ ಕೆ. ಎಸ್. ಅಶ್ವತ್ಥರು. ಮಕ್ಕಳಿಲ್ಲದ ಮೇಷ್ಟರು ಮತ್ತು ಅವರ ಪತ್ನಿಯಾಗಿ ಲೀಲಾವತಿಯವರು ಆ ಪುಂಡ ಹುಡುಗನ ಮೇಲೆ ಇಟ್ಟ ಅಕ್ಕರೆಯಲ್ಲಿ ಒಂದಿಷ್ಟೂ ಕೃತಕತೆ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಪ್ರೀತಿಸುವ ಗುರುವೂ ಶಿಷ್ಯನ ಬಾಳಿನ ಬಗೆಗೆ ತಪ್ಪು ತೀರ್ಮಾನ ಮಾಡಬಲ್ಲನೆಂಬುದನ್ನು ಅಶ್ವತ್ಥರು ಮುಚ್ಚಿಡದೆ ತೋರಿಸಿದರು. ತಮ್ಮ ಮಾತಿಗೆ ತಲೆಬಾಗಿ ಹುಡುಗ ತನ್ನ ಪ್ರೀತಿಯನ್ನು ಬಿಟ್ಟುಕೊಟ್ಟಾಗ ಮೇಷ್ಟರ ಮುಖದಲ್ಲಿ ಗೆಲುವಿನ ಜೊತೆಗೆ ಅಳುಕೂ ಇದೆ. ಮಕ್ಕಳ ಮದುವೆ, ಓದು, ಉದ್ಯೋಗಗಳನ್ನು ತಾವೇ ನಿಶ್ಚಯಿಸುವ ತಂದೆ-ತಾಯಿಗಳು ಆ ಮುಖವನ್ನು ಒಮ್ಮೆ ಸಾವಧಾನವಾಗಿ ನೋಡಬೇಕು. ೨೦೦೯ರ ಡಿಸೆಂಬರ್ ೩೦ರಂದು ವಿಷ್ಣುವರ್ಧನರು ತೀರಿಕೊಂಡರು. ೨೦೧೦ರ ಜನವರಿ ೧೮ರಂದು ಅಶ್ವತ್ಥರೂ ಹೊರಟುಹೋದರು. ಶಿಷ್ಯನ ಹಿಂದೆಯೇ ಗುರು ನಡೆದರೆಂದು ನಮ್ಮ ಓಣಿಯಲ್ಲಿ ಜನ ಆಡಿಕೊಂಡರು.

ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಆಧರಿಸಿದ, ೧೯೭೪ರ ‘ಭೂತಯ್ಯನ ಮಗ ಅಯ್ಯು’ ಚಿತ್ರ ಇನ್ನೊಂದು ಬಗೆಯದು. ಎಂ. ಪಿ. ಶಂಕರರ ಭೂತಯ್ಯ ಊರಿನ ರಕ್ತ ಹೀರಿದ ಸಾಹುಕಾರ. ಅವನು ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರಿನವರು ಬರುವುದಿಲ್ಲ. ಆಗ ಮಗ ಅಯ್ಯುವಾಗಿ ಲೋಕೇಶರ ಮುಖದಲ್ಲಿ ಮೂಡುವ ಭಾವಗಳನ್ನು ಎಣಿಸಿ ಹೇಳುವುದು ಕಷ್ಟ: ದುಃಖವಿದೆ, ಅವಮಾನವಿದೆ, ಊರಿನ ಮೇಲೆ ಹಗೆಯೂ ಇದೆ. ಅದೇ ಮನುಷ್ಯ ತಂದೆಯ ದಾರಿಯಲ್ಲಿ ಬಹುದೂರ ನಡೆದು, ಪೆಟ್ಟು ತಿಂದು, ಕೊನೆಗೆ ಮೆತ್ತಗಾಗುವುದನ್ನು ಲೋಕೇಶರು ಅವಸರವಿಲ್ಲದೆ ತೋರಿಸಿದ್ದಾರೆ. ಬಡ್ಡಿ ವ್ಯವಹಾರವಿದ್ದ ಮನೆಗಳು ನಮ್ಮ ಊರುಗಳಲ್ಲಿಯೂ ಇದ್ದವು. ಎಷ್ಟು ಗಳಿಸಿದೆವೆಂಬುದಕ್ಕಿಂತ, ಕೊನೆಗೆ ಎಷ್ಟು ಹೆಗಲುಗಳು ಬಂದಾವೆಂಬುದನ್ನು ಎಣಿಸಬೇಕೆಂಬ ಮಾತು ಆ ಚಿತ್ರದ ನಂತರ ಶಿರಹಟ್ಟಿಯ ಕಟ್ಟೆಗಳ ಮೇಲೆ ಬಹುಕಾಲ ಕೇಳಿಬರುತ್ತಿತ್ತು.

ಆ ದಶಕದ ಪ್ರಶಸ್ತಿ ಪಡೆದ ಚಿತ್ರಗಳಲ್ಲಿ ಹಲವನ್ನು ನಾವು ನೋಡಿದ್ದು ಚಿತ್ರಮಂದಿರದಲ್ಲಿ ಅಲ್ಲ. ೧೯೮೦ರ ದಶಕದಲ್ಲಿ, ರವಿವಾರ ಮಧ್ಯಾಹ್ನ ದೂರದರ್ಶನದಲ್ಲಿ. ‘ಕಾಡು’ ಚಿತ್ರದಲ್ಲಿ, ಪರಸ್ತ್ರೀಯ ಮನೆಗೆ ಹೋದ ಗಂಡನ ದಾರಿ ಕಾಯುವ ಹೆಣ್ಣಾಗಿ ನಂದಿನಿ ಭಕ್ತವತ್ಸಲ ಅವರು ಮಾಡಿದ ಅಭಿನಯಕ್ಕೆ ೧೯೭೩ನೆಯ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ದೊರಕಿತು. ೧೯೭೭ರ ‘ಘಟಶ್ರಾದ್ಧ’ದಲ್ಲಿ ಮೀನಾ ಕುಟ್ಟಪ್ಪ ಅವರ ಯಮುನಕ್ಕನನ್ನು ಸಮಾಜ ಹೊರಹಾಕುವಾಗ, ಏನೂ ಮಾಡಲಾರದೆ ನೋಡುವ ಬಾಲಕ ನಾಣಿಯ ಪಾತ್ರದಲ್ಲಿ ಅಜಿತ್ ಕುಮಾರನ ಕಣ್ಣುಗಳನ್ನು ಮರೆಯಲಾಗದು. ದೊಡ್ಡವರ ಧರ್ಮ-ಕರ್ಮಗಳಿಗೆಲ್ಲ ಮಕ್ಕಳು ಸಾಕ್ಷಿಯಾಗಿರುತ್ತಾರೆಂಬುದನ್ನು ಆ ಬಾಲಕ ಮಾತಿಲ್ಲದೆ ಹೇಳಿದ.

ಆದರೂ ಒಂದೇ ಹೆಸರು ಹೇಳಿರೆಂದು ಯಾರಾದರೂ ಪಟ್ಟು ಹಿಡಿದರೆ, ನಾವು ಹೇಳುವ ಹೆಸರು ಎಂ. ವಿ. ವಾಸುದೇವರಾವ್. ಅವರು ಎಂದೂ ದೊಡ್ಡ ತಾರೆಯಾಗಿರಲಿಲ್ಲ. ಸಣ್ಣಪುಟ್ಟ ಪಾತ್ರಗಳಲ್ಲಿ ಬಂದು ಹೋಗುತ್ತಿದ್ದವರು. ಶಿವರಾಮ ಕಾರಂತರ ಕಾದಂಬರಿಯನ್ನು ಬಿ. ವಿ. ಕಾರಂತರು ೧೯೭೫ರಲ್ಲಿ ‘ಚೋಮನ ದುಡಿ’ ಚಿತ್ರವಾಗಿಸಿದಾಗ ಅವರಿಗೆ ಚೋಮನ ಪಾತ್ರ ದೊರಕಿತು. ಆ ಪಾತ್ರಕ್ಕೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ, ಚಿತ್ರಕ್ಕೆ ಸ್ವರ್ಣಕಮಲವೂ ಬಂದವು. ಮನೆಯಲ್ಲಿ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಆದರೆ ಹೊಲೆಯನಾಗಿ ಹುಟ್ಟಿದ ಕಾರಣಕ್ಕೆ ಚೋಮನಿಗೆ ಉಳಲು ಅಂಗೈಯಗಲದ ಭೂಮಿಯಿಲ್ಲ. ಆ ಆಸೆಯನ್ನು, ಆ ಸಿಟ್ಟನ್ನು ಅವನು ದುಡಿಯ ಮೇಲೆ ಬಾರಿಸುತ್ತಾನೆ. ಕೊನೆಯಲ್ಲಿ ಬಾಗಿಲು ಮುಚ್ಚಿಕೊಂಡು, ಉಸಿರಿರುವವರೆಗೆ ಬಾರಿಸುತ್ತಾನೆ. ಉಳುವವನಿಗೆ ಭೂಮಿ ಕೊಡುವ ತಿದ್ದುಪಡಿ ಕಾನೂನು ನಮ್ಮ ರಾಜ್ಯದಲ್ಲಿ ಜಾರಿಗೆ ಬಂದದ್ದು ೧೯೭೪ರ ಮಾರ್ಚ್ ೧ರಂದು ಎಂಬುದನ್ನು ನೆನೆದರೆ, ಆ ದುಡಿಯ ಸದ್ದು ಯಾರ ಕಿವಿಗೆ ಬಿದ್ದಿತೆಂದು ತಿಳಿಯುತ್ತದೆ.

ನಾವು ಆ ಚಿತ್ರ ನೋಡಿದ್ದು ಮುಂಡರಗಿಯ ಕಡೆಯ ಸೋದರಮಾವನವರ ಮನೆಯಲ್ಲಿ. ಓಣಿಗೆಲ್ಲ ಒಂದೇ ಟಿ.ವಿ. ಇದ್ದ ಕಾಲ. ಪಡಸಾಲೆಯ ತುಂಬ ಜನ. ಮಾವನವರ ಹೊಲದಲ್ಲಿ ವರ್ಷಗಟ್ಟಲೆ ದುಡಿದ ಆಳುಮಗ ಹೊಸ್ತಿಲ ಹೊರಗೆ, ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ. ಚಿತ್ರ ಮುಗಿದ ಮೇಲೆ ಯಾರೂ ಮಾತನಾಡಲಿಲ್ಲ. ಅವನೇ ಕೇಳಿದ: “ಯಜಮಾನ್ರ, ಈ ಮನಶ್ಯಾ ಖರೇನ ಹೊಲದಾಗ ದುಡದಾನೇನ್ರಿ?” ಮಾವನವರು, “ಇಲ್ಲೋ, ಸಿನೇಮಾ ಮಾಡಾಂವ ಅಂವ” ಎಂದರು. “ಹಂಗಾರ ನಮ್ಮ ಕೈ ಅಂವಗ ಹೆಂಗ ಬಂದ್ವರೀ?” ಎಂದು ಆತ ತನ್ನ ಕೈಗಳನ್ನೇ ನೋಡಿಕೊಂಡ. ಅತ್ತೆಯವರು ಒಳಗಿನಿಂದ ಚಹಾ ತಂದರು. ಎಲ್ಲರಿಗೂ ಕೊಡುತ್ತಿದ್ದ ಹಿತ್ತಾಳೆಯ ಬಟ್ಟಲುಗಳಲ್ಲೇ ಒಂದನ್ನು ಅವನ ಮುಂದೆ ಹಿಡಿದು, “ಒಳಗ ಬಂದು ಕುಂದರಪಾ” ಎಂದರು. ಮಾವನವರು ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಜಾಗ ಮಾಡಿದರು. ಅಷ್ಟೇ ನಡೆದದ್ದು. ದುಡಿಯುವವನೇ ದೊಡ್ಡವನೆಂದು ಸಾರಿದ ಶರಣರ ಭಾವಚಿತ್ರ ಆ ಪಡಸಾಲೆಯ ಗೋಡೆಯ ಮೇಲೆ ಬಹುದಿನಗಳಿಂದ ತೂಗುತ್ತಿತ್ತು. ಆದರೆ ಹೊಸ್ತಿಲಿನ ಅಂತರವನ್ನು ಅಂದು ಅಳಿಸಿದ್ದು ಒಬ್ಬ ನಟನ ಎರಡು ಕೈಗಳು.

ನಟನೆಯೂ ಒಂದು ಕಾಯಕವೆಂದು ನಾವು ನಂಬಿದ್ದೇವೆ. ಇನ್ನೊಬ್ಬನ ನೋವನ್ನು ತನ್ನ ಮೈಯಲ್ಲಿ ಹೊತ್ತು, ಅದನ್ನು ನೂರು ಮನೆಗಳಿಗೆ ಹಂಚುವ ಕಾಯಕವದು. ಇಂದು ಆ ಚಿತ್ರಗಳಲ್ಲಿ ಅನೇಕವು ಮೊಬೈಲಿನಲ್ಲಿಯೇ ದೊರೆಯುತ್ತವೆ. ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ, ರೀಲು ಹರಿಯುವ ಭಯವೂ ಇಲ್ಲ. ಆದರೆ ಒಬ್ಬೊಬ್ಬರೇ ಮೂಲೆಯಲ್ಲಿ ಕುಳಿತು ನೋಡಿದರೆ ಪಕ್ಕದಲ್ಲಿದ್ದವರ ಮುಖ ಕಾಣಿಸುವುದಿಲ್ಲ. ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ತಿಂಗಳಿಗೊಂದು ಸಂಜೆ, ಅಜ್ಜ-ಅಜ್ಜಿಯರಿಂದ ಹಿಡಿದು ಮೊಮ್ಮಕ್ಕಳವರೆಗೆ, ಮನೆಗೆಲಸದವರನ್ನೂ ಕೂಡಿಸಿಕೊಂಡು, ಇವುಗಳಲ್ಲಿ ಒಂದು ಚಿತ್ರವನ್ನು ಒಟ್ಟಿಗೆ ನೋಡಿರಿ. ಮುಗಿದ ಮೇಲೆ ಯಾರ ಅಭಿನಯ ಶ್ರೇಷ್ಠವೆಂದು ಮಕ್ಕಳನ್ನು ಕೇಳಿರಿ. ಅವರು ಯಾರ ಹೆಸರನ್ನಾದರೂ ಹೇಳಲಿ. ‘ಇಂಥವರು ನಮ್ಮ ಮನೆಯಲ್ಲಿಯೂ ಇದ್ದಾರೆ’ ಎಂಬ ಮಾತು ಅವರ ಬಾಯಿಂದ ಬಂದರೆ ಆ ಕಲಾವಿದರ ದುಡಿಮೆ ಸಾರ್ಥಕವಾದಂತೆ.