ಕೊಳ್ಳುವವನ ಹೊಣೆ

ಸಂತೆಗೆ ಹೋದ ಗೃಹಿಣಿ ನಾಲ್ಕು ಬದನೆಕಾಯಿ ಕೊಳ್ಳುವಾಗಲೂ ಅವನ್ನು ತಿರುಗಿಸಿ ನೋಡುತ್ತಾಳೆ. ಯಾವ ಊರಿನ ತೋಟದ್ದೆಂದು ವಿಚಾರಿಸುತ್ತಾಳೆ. ಸಾವಿರಾರು ಗಣಕಯಂತ್ರಗಳನ್ನು ಒಮ್ಮೆಗೇ ಕೊಳ್ಳುವ ವಿಶ್ವವಿದ್ಯಾನಿಲಯವಾದರೋ ಟೆಂಡರು ಕರೆದು, ಕಡಿಮೆ ಬೆಲೆ ಕೇಳಿದವನಿಗೆ ಹಣವೆಣಿಸಿದರೆ ತನ್ನ ಕರ್ತವ್ಯ ಮುಗಿಯಿತೆಂದು ಭಾವಿಸುತ್ತದೆ. ಇದನ್ನು ಯಾರು ಮಾಡಿದರು, ಹೇಗೆ ಮಾಡಿದರು ಎಂಬ ಪ್ರಶ್ನೆಯನ್ನು ಪಶ್ಚಿಮದ ವಿದ್ಯಾಪೀಠಗಳಲ್ಲಿ ಬಲವಾಗಿ ಎತ್ತಿದ ಕೀರ್ತಿ ವಿದ್ಯಾರ್ಥಿಗಳಿಗೆ ಸಲ್ಲಬೇಕು.

ಈ ಪ್ರಶ್ನೆ ಮೊದಲು ಮೊಳೆತದ್ದು ಬಟ್ಟೆಯಂಗಡಿಯಲ್ಲಿ. ತಮ್ಮ ವಿದ್ಯಾಲಯದ ಲಾಂಛನವುಳ್ಳ ಅಂಗಿಗಳನ್ನು ಹೊಲಿಯುವವರ ಪಾಡೇನೆಂದು ಅಮೆರಿಕದ ವಿದ್ಯಾರ್ಥಿಗಳು ಕೇಳತೊಡಗಿದರು. ಅವರ ಚಳವಳಿಯ ಫಲವಾಗಿ 2000ದಲ್ಲಿ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎಂಬ ಸ್ವತಂತ್ರ ಪರಿಶೀಲನಾ ಸಂಸ್ಥೆ ಹುಟ್ಟಿತು. ಅಂಗಿಯಿಂದ ಗಣಕಯಂತ್ರದತ್ತ ದೃಷ್ಟಿ ಹೊರಳಿದಾಗ ದಾರಿ ಮತ್ತಷ್ಟು ಜಟಿಲವಾಯಿತು.

ಬೆಸುಗೆಗೆ ತವರ, ಸಂಪರ್ಕಗಳಿಗೆ ಬಂಗಾರ, ಪುಟ್ಟ ಕೆಪಾಸಿಟರುಗಳಿಗೆ ಟ್ಯಾಂಟಲಂ ಬೇಕು. ಇವುಗಳಲ್ಲಿ ಒಂದಂಶ ಪೂರ್ವ ಕಾಂಗೋ ಸೀಮೆಯಿಂದ ಬರುತ್ತದೆ. ಅಲ್ಲಿ ಶಸ್ತ್ರಧಾರಿ ಗುಂಪುಗಳು ಅದಿರಿನ ಮೇಲೆ ಸುಂಕ ಕಿತ್ತು ತಮ್ಮ ಕಾದಾಟಕ್ಕೆ ಹಣ ಕೂಡಿಸಿಕೊಂಡವು. ಕುಲುಮೆಯಲ್ಲಿ ಕರಗಿ ಬೆರೆತ ಮೇಲೆ ಯಾವ ಲೋಹ ಯಾವ ಗಣಿಯದೆಂದು ಹೇಳುವವರಾರು? 2010ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯವು ವಿದ್ಯಾರ್ಥಿಗಳ ಒತ್ತಾಯಕ್ಕೆ ಕಿವಿಗೊಟ್ಟು, ತಾನು ಷೇರು ಹೊಂದಿದ ಕಂಪೆನಿಗಳಲ್ಲಿ ಈ ಖನಿಜಗಳ ಮೂಲವನ್ನು ಶೋಧಿಸುವ ನಿರ್ಣಯಗಳನ್ನು ಬೆಂಬಲಿಸುವ ನೀತಿಯನ್ನು ಅಂಗೀಕರಿಸಿತು. ಮೂಲವನ್ನು ಬಹಿರಂಗಪಡಿಸಬೇಕೆಂಬ ಶಾಸನವೂ ಅಮೆರಿಕದಲ್ಲಿ ಅದೇ ವರ್ಷ ಬಂದಿತು. ಆದರೆ ಸದುದ್ದೇಶಕ್ಕೂ ನೆರಳುಂಟು. ಉಸಾಬರಿಯೇ ಬೇಡವೆಂದು ಹಲವು ವ್ಯಾಪಾರಿಗಳು ಕಾಂಗೋವಿಗೇ ಬೆನ್ನು ತಿರುಗಿಸಿದರು. ಗುದ್ದಲಿ ಹಿಡಿದು ಹೊಟ್ಟೆ ಹೊರೆಯುತ್ತಿದ್ದ ಬಡ ಗಣಿಗಾರರು ಕೂಳಿಗೆ ಎರವಾದರು. ಕೊಳ್ಳುವುದನ್ನು ಬಿಟ್ಟುಬಿಡುವುದೇ ಧರ್ಮವಲ್ಲವೆಂಬ ಪಾಠ ಇದರಿಂದ ದೊರೆಯಿತು.

ಗಣಿಯಿಂದ ಕಾರ್ಖಾನೆಗೆ ಬಂದರೆ ಮನ ಕಲಕುವ ಇನ್ನೊಂದು ಸಂಗತಿಯಿದೆ. 2015ರಲ್ಲಿ ಡೆನ್ಮಾರ್ಕಿನ ಡ್ಯಾನ್‌ವಾಚ್ ಸಂಸ್ಥೆ ಚೀನದ ಒಂದು ಸರ್ವರ್ ಕಾರ್ಖಾನೆಯ ವೃತ್ತಾಂತವನ್ನು ಪ್ರಕಟಿಸಿತು. ತರಬೇತಿಯ ಹೆಸರಿನಲ್ಲಿ ಶಾಲೆಗಳು ಅಲ್ಲಿಗೆ ವಿದ್ಯಾರ್ಥಿಗಳನ್ನು ಕಳುಹಿಸಿದ್ದವು. ತಾವು ಓದುತ್ತಿದ್ದ ವಿಷಯಕ್ಕೆ ಸಂಬಂಧವೇ ಇಲ್ಲದ ದುಡಿಮೆ. ಒಲ್ಲೆವೆಂದರೆ ಪ್ರಮಾಣಪತ್ರ ಕೈತಪ್ಪುವ ಭಯ. ಅಂಥ ಯಂತ್ರಗಳನ್ನು ಕೊಳ್ಳುವವರಲ್ಲಿ ಯೂರೋಪಿನ ವಿಶ್ವವಿದ್ಯಾನಿಲಯಗಳೂ ಇದ್ದವು. ಒಬ್ಬ ವಿದ್ಯಾರ್ಥಿಯ ವ್ಯಾಸಂಗಕ್ಕೆ ಇನ್ನೊಬ್ಬನ ವ್ಯಾಸಂಗ ಬಲಿ!

ಬಿಡಿ ಕೊಳ್ಳುವವನ ಮಾತನ್ನು ಕಂಪೆನಿ ಕೇಳದಿರಬಹುದು. ಸಗಟು ಕೊಳ್ಳುವವನನ್ನು ಕಡೆಗಣಿಸಲಾರದು. ಇದನ್ನರಿತೇ ಇಂಗ್ಲೆಂಡಿನಲ್ಲಿ ಪೀಪಲ್ ಅಂಡ್ ಪ್ಲಾನೆಟ್ ಎಂಬ ವಿದ್ಯಾರ್ಥಿ ಸಂಘಟನೆಯವರು ತಮ್ಮ ವಿಶ್ವವಿದ್ಯಾನಿಲಯಗಳು ಎಲೆಕ್ಟ್ರಾನಿಕ್ಸ್ ವಾಚ್ ಎಂಬ ಸಂಸ್ಥೆಯನ್ನು ಸೇರಬೇಕೆಂದು ಪ್ರಚಾರ ಕೈಗೊಂಡರು. ಈ ಸಂಸ್ಥೆಯ ಸದಸ್ಯರು ಕಾರ್ಮಿಕರ ಹಕ್ಕುಗಳ ಷರತ್ತನ್ನು ಖರೀದಿಯ ಕರಾರಿನಲ್ಲೇ ಬರೆಸುತ್ತಾರೆ. ಕಾರ್ಖಾನೆಯ ನೆರೆಯಲ್ಲೇ ಇರುವ ಸ್ಥಳೀಯ ಸಂಘಟನೆಗಳು ಕಾರ್ಮಿಕರನ್ನು ಗೇಟಿನಾಚೆ ಕಂಡು, ನಿರ್ಭಯವಾಗಿ ಮಾತನಾಡಿಸುತ್ತವೆ. ಮುನ್ಸೂಚನೆ ಕೊಟ್ಟು ಬರುವ ತನಿಖಾಧಿಕಾರಿಗೆ ಕಾಣಿಸದ ಸತ್ಯ ಅಲ್ಲಿ ಹೊರಬೀಳುತ್ತದೆ. ತಪ್ಪು ಕಂಡರೆ ವ್ಯವಹಾರ ಕಡಿದುಕೊಳ್ಳುವುದಕ್ಕಿಂತ ಮೊದಲು ಅದನ್ನು ತಿದ್ದಿಸುವ ಯತ್ನ ನಡೆಯುತ್ತದೆ.

ಇದೆಲ್ಲ ದೂರದ ದೇಶಗಳ ಮಾತೆಂದು ಕನ್ನಡಿಗರು ಉದಾಸೀನರಾಗುವಂತಿಲ್ಲ. 2020ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನುಗಳನ್ನು ಜೋಡಿಸುತ್ತಿದ್ದ ಕಾರ್ಖಾನೆಯೊಂದರಲ್ಲಿ, ಸಂಬಳದ ಅಸಮಾಧಾನ ದೊಂಬಿಗೆ ತಿರುಗಿತು. ಗಾಜುಗಳು ಒಡೆದ ಮೇಲೆ, ಕೆಲವರಿಗೆ ವೇತನ ಸರಿಯಾಗಿ ಸಲ್ಲಲಿಲ್ಲವೆಂದು ಕಂಪೆನಿಯೇ ಒಪ್ಪಿ ಕ್ಷಮೆ ಕೋರಿತು. ಗೇಟಿನಾಚೆ ಯಾರಾದರೂ ಮೊದಲೇ ವಿಚಾರಿಸಿದ್ದರೆ ಅಷ್ಟು ದೂರ ಹೋಗುತ್ತಿತ್ತೇ?

ನಾವು ಕೊಳ್ಳದಿದ್ದರೆ ಇನ್ನೊಬ್ಬರು ಕೊಳ್ಳುತ್ತಾರೆಂದು ಲೆಕ್ಕಪತ್ರದ ಅಧಿಕಾರಿಗಳು ಹೇಳಬಹುದು. ವಿದ್ಯಾರ್ಥಿಗಳು ಕೊಳ್ಳಬೇಡಿರೆನ್ನುತ್ತಿಲ್ಲ, ಕೇಳಿ ಕೊಳ್ಳಿರೆನ್ನುತ್ತಾರೆ. ಬದನೆಕಾಯಿಗೆ ಸಲ್ಲುವ ವಿಚಾರಣೆ ವಿದ್ಯೆಯ ಉಪಕರಣಕ್ಕೂ ಸಲ್ಲಲೆಂಬುದು ಅತಿಯಾಸೆಯೇನೂ ಅಲ್ಲ.