ಕಬ್ಬಿನ ಗರಿ ಕೊಯ್ಯಬೇಕು

ಕಬ್ಬಿನ ಗದ್ದೆಯಲ್ಲಿ ಹೊಡೆದಾಟ ನಡೆಯುವ ಸಿನಿಮಾ ಬಂದರೆ ನಾನು ನಾಯಕನ ಮುಷ್ಟಿ ನೋಡುವುದಿಲ್ಲ, ತೋಳು ನೋಡುತ್ತೇನೆ. ಪಾಂಡವಪುರದ ಕಡೆ ಹುಟ್ಟಿ ಬೆಳೆದವರಿಗೆ ಇದು ತಾನಾಗಿ ಬರುವ ಅಭ್ಯಾಸ. ಕಬ್ಬಿನ ಗರಿಯ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳಿರುತ್ತವೆ. ಕಟಾವಿಗೆ ಹೋಗುವವರು ಎಂಥ ಬಿಸಿಲಿದ್ದರೂ ತುಂಬುತೋಳಿನ ಹಳೇ ಅಂಗಿ ತೊಟ್ಟು, ತಲೆಗೆ ಟವಲ್ ಸುತ್ತಿಕೊಂಡೇ ಗದ್ದೆಗೆ ಇಳಿಯುತ್ತಾರೆ. ಹಾಗಿದ್ದೂ ಸಂಜೆ ಸ್ನಾನಕ್ಕೆ ಕೂತಾಗ ಬಿಸಿನೀರು ಬಿದ್ದ ಕಡೆಯೆಲ್ಲ ಚುರುಗುಟ್ಟುತ್ತದೆ. ಕುತ್ತಿಗೆಯ ಹಿಂದೆ, ಮುಂಗೈ ಮೇಲೆ, ಕಿವಿಯ ಅಂಚಿನಲ್ಲಿ ಎಳೆಎಳೆಯಾಗಿ ಗೀರುಗಳು ಎದ್ದಿರುತ್ತವೆ. ಪರದೆಯ ಮೇಲಿನ ನಾಯಕ ಮಾತ್ರ ಬರೀ ಬನಿಯನ್ನಿನಲ್ಲಿ ಗದ್ದೆ ಹೊಕ್ಕು, ಹತ್ತು ಜನರನ್ನು ಕೆಡವಿ, ಒಂದು ಗೀರೂ ಇಲ್ಲದೆ ಹೊರಗೆ ಬರುತ್ತಾನೆ. ಅಲ್ಲಿಗೆ ಆ ಚಿತ್ರದ ಮೇಲಿನ ನನ್ನ ನಂಬಿಕೆ ಮುಗಿಯಿತು. ಒಬ್ಬನೇ ಹತ್ತು ಜನರನ್ನು ಹೊಡೆದದ್ದನ್ನು ಬೇಕಾದರೆ ಒಪ್ಪುತ್ತೇನೆ, ಗೀರು ಬೀಳದ್ದನ್ನು ಒಪ್ಪಲಾರೆ.

ನಾನು ವಿಮರ್ಶಕನಲ್ಲ. ಸಿಕ್ಕಿದ್ದನ್ನು ಸಿಕ್ಕ ಕಡೆ ನೋಡಿಕೊಂಡು ಬಂದವನು. ಮೊದಲು ಟೆಂಟು, ಆಮೇಲೆ ಪಕ್ಕದ ಮನೆಯ ಟಿ.ವಿ., ಈಗ ಮಗಳ ಮೊಬೈಲು. ನೋಡಿದ್ದರಲ್ಲಿ ಮನಸ್ಸಿನಲ್ಲಿ ಉಳಿದವು ಯಾವುವು, ಸೋರಿಹೋದವು ಯಾವುವು ಎಂದು ಲೆಕ್ಕ ಹಾಕಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಈ ನೆಲಕ್ಕೆ ಕ್ಯಾಮೆರಾ ಬಂದದ್ದು ಬಹಳ ಸಲ. ನಿಂತು ನೋಡಿದ್ದು, ಇಲ್ಲಿಯ ಮಾತಿಗೆ ಕಿವಿ ಕೊಟ್ಟದ್ದು ಕೆಲವೇ ಸಲ. ಆ ಕೆಲವು ಸಲ ಹುಟ್ಟಿದ ಚಿತ್ರಗಳೇ ನನಗೆ ದೊಡ್ಡವು.

ಬಂದು ಹೋದದ್ದಕ್ಕಂತೂ ಕೊನೆಯಿಲ್ಲ. ಬೃಂದಾವನದ ಕಾರಂಜಿಗಳ ಮುಂದೆ, ಬಲಮುರಿಯಲ್ಲಿ ಕಟ್ಟೆಯ ಮೇಲೆ ಹರಿದು ಬೀಳುವ ನೀರಿನಲ್ಲಿ, ಮಹದೇವಪುರದ ಹೊಳೆದಂಡೆಯಲ್ಲಿ ಯಾವ ಯಾವ ಭಾಷೆಯವರು ಹಾಡಿ ಕುಣಿದಿದ್ದಾರೋ! ಮಹದೇವಪುರದಲ್ಲಿ ಶೂಟಿಂಗ್ ಎಂದರೆ ಮಕ್ಕಳೂ ಈಗ ತಿರುಗಿ ನೋಡುವುದಿಲ್ಲ. ಮಣಿರತ್ನಂ ಅವರ ‘ಗುರು’ (2007) ಚಿತ್ರದ ಮಳೆಯ ಹಾಡಿಗೆ ಮೇಲುಕೋಟೆಯಲ್ಲಿ ಚಿತ್ರೀಕರಣ ನಡೆಯಿತು. ಹಾಡು ಸೊಗಸಾಗಿದೆ, ಐಶ್ವರ್ಯಾ ರೈ ಕುಣಿತವೂ ಸೊಗಸು, ಒದ್ದೆಯಾದ ಕಲ್ಲುಗಳ ಹೊಳಪಂತೂ ಇನ್ನೂ ಸೊಗಸು. ಆದರೆ ಕಥೆಯ ಪ್ರಕಾರ ಅದು ಗುಜರಾತಿನ ಹಳ್ಳಿ. ನಮ್ಮ ಚೆಲುವನಾರಾಯಣನ ಊರು, ವೈರಮುಡಿಯ ರಾತ್ರಿ ನೆಲ ಕಾಣದಷ್ಟು ಜನ ಸೇರುವ ಊರು, ಪು.ತಿ.ನ. ಹುಟ್ಟಿದ ಊರು ಅಲ್ಲಿ ತನ್ನ ಹೆಸರನ್ನೇ ಹೇಳುವಂತಿಲ್ಲ. ಸಿನಿಮಾದ ಕಟ್ಟುಪಾಡು ಹಾಗೆ ಎಂದು ಗೊತ್ತು. ಗೊತ್ತಿದ್ದೂ ಆ ಹಾಡು ನೋಡಿದಾಗಲೆಲ್ಲ ಒಂದು ಸಣ್ಣ ನೋವು ಇದ್ದೇ ಇರುತ್ತದೆ. ಜಯಲಲಿತಾ ಹುಟ್ಟಿದ್ದೂ ಇದೇ ಮೇಲುಕೋಟೆಯಲ್ಲಿ, 1948ರಲ್ಲಿ. 1964ರ ‘ಚಿನ್ನದ ಗೊಂಬೆ’ಯಲ್ಲಿ ಅವರನ್ನು ನಾಯಕಿಯಾಗಿ ಕಂಡ ನಮ್ಮ ಹಿರಿಯರು ‘ಅದು ನಮ್ಮ ಮೇಲುಕೋಟೆ ಹುಡುಗಿ’ ಎಂದು ಕೊನೆಯವರೆಗೂ ಹೇಳುತ್ತಿದ್ದರು.

ಟೆಂಟಿನ ಕಾಲದಿಂದ ಉಳಿದಿರುವ ಚಿತ್ರವೆಂದರೆ ‘ರಣಧೀರ ಕಂಠೀರವ’. ಘಂಟಸಾಲರ ವೆಂಕಟೇಶನ ಪ್ರಾರ್ಥನೆ ಮೈಕಿನಲ್ಲಿ ಕೇಳಿದ ಕೂಡಲೇ ಊಟ ಅರ್ಧಕ್ಕೆ ಬಿಟ್ಟು ಓಡಿ, ನೆಲದ ಟಿಕೇಟು ಕೊಂಡು, ಮರಳು ಗುಡ್ಡೆ ಮಾಡಿಕೊಂಡು ಕೂರುತ್ತಿದ್ದ ಕಾಲ ಅದು. ಚಿತ್ರ ತೆರೆಕಂಡದ್ದು 1960ರಲ್ಲಿ. ನಾನು ನೋಡುವ ಹೊತ್ತಿಗೆ ಪ್ರಿಂಟು ಸವೆದು ಪರದೆಯ ತುಂಬ ಮಳೆ ಸುರಿಯುತ್ತಿತ್ತು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು, ಕನ್ನಡ ಚಿತ್ರರಂಗ ಉಳಿಯಬೇಕೆಂಬ ಹಟದಿಂದ ತೆಗೆದ ಚಿತ್ರ. ತಿರುಚಿನಾಪಳ್ಳಿಯ ಜಟ್ಟಿಯನ್ನು ಸೋಲಿಸಿದ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಆಳಿದ್ದು ಶ್ರೀರಂಗಪಟ್ಟಣದಿಂದ. ಪರದೆಯ ಮೇಲಿನ ಅರಮನೆ ಸೆಟ್ಟಿನದು, ಕೋಟೆಯ ಗೋಡೆ ಬಣ್ಣ ಬಳಿದ ಹಲಗೆ. ಆದರೂ ಆ ಚಿತ್ರ ನನ್ನನ್ನು ಶ್ರೀರಂಗಪಟ್ಟಣಕ್ಕೆ ಕಳಿಸಿತು. ಕೋಟೆಯೊಳಗೆ ಕಂಠೀರವರೇ ಕಟ್ಟಿಸಿದ ನರಸಿಂಹ ದೇವಸ್ಥಾನದಲ್ಲಿ ಅವರದೊಂದು ಕಲ್ಲಿನ ಮೂರ್ತಿ ಇದೆ. ಕೈಮುಗಿದು ನಿಂತ, ಅಷ್ಟೇನೂ ಎತ್ತರವಿಲ್ಲದ ಮೂರ್ತಿ. ಟೆಂಟಿನಲ್ಲಿ ತೊಡೆ ತಟ್ಟಿದ ರಾಜಕುಮಾರ್ ಅವರನ್ನು ತಲೆಯಲ್ಲಿ ತುಂಬಿಕೊಂಡು ಹೋದವನಿಗೆ ದೇವರ ಮುಂದೆ ಕೈ ಜೋಡಿಸಿದ ಆ ದೊರೆಯನ್ನು ಕಂಡು ಗೌರವ ಇನ್ನೂ ಹೆಚ್ಚಿತು. ಸೆಟ್ಟು ಹಾಕಿ ತೆಗೆದರೂ ಮನಸ್ಸಿಟ್ಟು ತೆಗೆದರೆ ಚಿತ್ರ ಊರಿಗೆ ಹತ್ತಿರವಾಗುತ್ತದೆ ಎನ್ನಲು ನನಗೆ ಇದೊಂದು ಸಾಕ್ಷಿ ಸಾಕು.

ಅದೇ ಶ್ರೀರಂಗಪಟ್ಟಣದ ಟಿಪ್ಪುವಿನ ಮೇಲೆ ಸಂಜಯ್ ಖಾನ್ ತೆಗೆದ ಧಾರಾವಾಹಿಯ ಬಗ್ಗೆ ಮಾತ್ರ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಮಾತಾಡಲು ನನ್ನಿಂದ ಆಗುವುದಿಲ್ಲ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಅದರ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಜನ ಸತ್ತರು. ಮರುವರ್ಷ ದೂರದರ್ಶನದಲ್ಲಿ ಅದು ಬಂದಾಗ ನಮ್ಮ ಬೀದಿಯಲ್ಲಿ ಎಲ್ಲರೂ ನೋಡಿದರು. ನನಗೆ ಯುದ್ಧದ ದೃಶ್ಯಗಳಿಗಿಂತ ಹಿಂದೆ ದೀಪ ಹಿಡಿದವರು, ಸೆಟ್ಟು ಕಟ್ಟಿದವರು, ದಿನಗೂಲಿಗೆ ಬಂದು ಗುಂಪಿನಲ್ಲಿ ನಿಂತವರು ನೆನಪಾಗುತ್ತಿದ್ದರು.

ಇನ್ನು ನಮ್ಮ ಮಾತಿನ ಸಂಗತಿ. ಮಂಡ್ಯದ ಮಾತು ಎಂದರೆ ಬಹುಪಾಲು ಸಿನಿಮಾಗಳಿಗೆ ನಗಿಸಲು ಒಂದು ಸುಲಭದ ದಾರಿ. ನಾಯಕ ಪುಸ್ತಕದ ಕನ್ನಡ ಆಡುತ್ತಾನೆ, ನಾಯಕಿಯೂ ಹಾಗೇ. ‘ಏನ್ಲಾ’, ‘ಎತ್ತಗ್ಲಾ’ ಎನ್ನುವವನು ನಾಯಕನ ಹಿಂದೆ ಓಡಾಡುವ ಪೆದ್ದ, ಇಲ್ಲವೇ ಮಚ್ಚು ಹಿಡಿದವನು. ನಮ್ಮಲ್ಲಿ ಮಗುವನ್ನು ಮುದ್ದಿಸುವುದೂ, ಸತ್ತವರ ಮುಂದೆ ಅಳುವುದೂ, ಕೋರ್ಟಿನಲ್ಲಿ ಸಾಕ್ಷಿ ಹೇಳುವುದೂ ಇದೇ ಮಾತಿನಲ್ಲಿ ಎಂಬುದು ಆ ಚಿತ್ರ ತೆಗೆದವರಿಗೆ ತಿಳಿದಂತಿಲ್ಲ. ತಿಳಿದವರು ಇದ್ದರು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯಿಂದ ಬಂದ ‘ಪರಸಂಗದ ಗೆಂಡೆತಿಮ್ಮ’ (1978) ನೋಡಿದವರು ಲೋಕೇಶ್ ಅವರ ಮಾತನ್ನು ಮರೆಯಲು ಸಾಧ್ಯವಿಲ್ಲ. ಮೈಸೂರು ಸೀಮೆಯ ಹಳ್ಳಿಯ ಮುಗ್ಧ ಗಂಡ, ಪೇಟೆಯ ರುಚಿ ಕಂಡ ಹೆಂಡತಿ ಮರಂಕಿ, ಇಬ್ಬರನ್ನೂ ಸುತ್ತಿ ನಿಂತು ನೋಡುವ ಊರು. ತಿಮ್ಮ ಹೆಂಡತಿಯನ್ನು ನೋಡಿ ನಗುವಾಗ ನಮಗೂ ನಗು ಬರುತ್ತದೆ, ಅವನನ್ನು ಕಂಡು ನಗಬೇಕು ಅನ್ನಿಸುವುದೇ ಇಲ್ಲ. ಆ ಪಾತ್ರದ ಮರ್ಯಾದೆ ಎಲ್ಲೂ ಕೆಡದಂತೆ ಲೋಕೇಶ್ ಕಾಪಾಡಿದ್ದಾರೆ.

ಮಂಡ್ಯ ಜಿಲ್ಲೆಯವರೇ ಆದ ಪ್ರೇಮ್ ನಿರ್ದೇಶಿಸಿದ ‘ಜೋಗಿ’ (2005) ನನ್ನ ಪಾಲಿಗೆ ಅರ್ಧ ಚಿತ್ರ. ಬೆಂಗಳೂರಿನ ರೌಡಿಗಳ ಕಥೆ ಬೇಸರ ತರಿಸಿತು. ಅದನ್ನು ನೂರು ಚಿತ್ರಗಳಲ್ಲಿ ನೋಡಿ ಆಗಿದೆ. ಮಗನನ್ನು ಹುಡುಕಿಕೊಂಡು ಬರುವ ತಾಯಿಯಾಗಿ ಅರುಂಧತಿ ನಾಗ್ ಮಾತ್ರ ಎದೆ ಹಿಂಡುತ್ತಾರೆ. ಕೊನೆಯಲ್ಲಿ ಯಾರದೋ ಹೆಣ ಎಂದುಕೊಂಡು ಮಗ ತಾಯಿಯ ಹೆಣದ ಮುಂದೆಯೇ ಕುಣಿಯುತ್ತಾನೆ. ಹೆಣದ ಮುಂದೆ ತಮಟೆಗೆ ಕುಣಿಯುವುದು ನಮ್ಮ ಕಡೆ ವಾಡಿಕೆ. ಸತ್ತವರು ನೆಂಟರೇ ಆಗಿರಬೇಕಿಲ್ಲ. ಸದ್ದು ಕೇಳಿದವನು ಸೈಕಲ್ ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿ ಹೋಗುವುದುಂಟು. ಈ ವಾಡಿಕೆ ಗೊತ್ತಿದ್ದವನಿಗೆ ಮಾತ್ರ ಆ ದೃಶ್ಯ ಹೊಳೆಯಬಲ್ಲದು. ಅದೊಂದಕ್ಕಾಗಿ ಉಳಿದ ಮಚ್ಚು ಲಾಂಗುಗಳನ್ನೆಲ್ಲ ನಾನು ಸಹಿಸಿಕೊಂಡೆ.

ಕೆ.ಆರ್.ಪೇಟೆ ತಾಲ್ಲೂಕಿನ ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರ ಊರು. 1942ರಲ್ಲಿ ಬಂದ ಅವರ ‘ಮೈಸೂರ ಮಲ್ಲಿಗೆ’ಯನ್ನು ಆಧರಿಸಿ ನಾಗಾಭರಣ ತೆಗೆದ ಚಿತ್ರ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು, ಗೀತರಚನೆಗೆಂದು ಕವಿಗೂ ರಾಷ್ಟ್ರಪ್ರಶಸ್ತಿ ಬಂತು. ಅಶ್ವತ್ಥ್ ಅವರ ಸಂಗೀತಕ್ಕೆ, ಸುಧಾರಾಣಿಯವರ ಮುಖಕ್ಕೆ ನಾನು ಸೋತಿದ್ದೇನೆ. ಆದರೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನು ಆ ಕವಿತೆಗಳ ಮೇಲೆ ಹೊರಿಸಿದ್ದು ನನಗೆ ಸರಿಬರಲಿಲ್ಲ. ಗಂಡ ಹೆಂಡಿರ ಹುಸಿಮುನಿಸು, ತವರಿಗೆ ಹೋದವಳ ದಾರಿ ಕಾಯುವುದು, ಬಳೆಗಾರ ತರುವ ಸುದ್ದಿ: ಇಷ್ಟರಲ್ಲೇ ಆ ಕವಿತೆಗಳ ಲೋಕ ತುಂಬಿಕೊಂಡಿದೆ. ಜೈಲು, ಪೊಲೀಸು, ಘೋಷಣೆ ಬಂದೊಡನೆ ಆ ಮೆಲುದನಿ ಕೇಳದಾಗುತ್ತದೆ. ಕಣ್ಣು ಮುಚ್ಚಿಕೊಂಡು ಕೇಳಿದರೆ ಈಗಲೂ ಅದು ಕಿಕ್ಕೇರಿಯ ಚಿತ್ರವೇ.

ಇಷ್ಟು ಹೇಳಿದ ಮೇಲೆ ‘ತಿಥಿ’ಗೆ ಬರಬೇಕು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಅಲ್ಲಿಯವರೇ ಆದ ಈರೇಗೌಡರು ಬರೆದ ಕಥೆಯನ್ನು ರಾಮ್ ರೆಡ್ಡಿ ಚಿತ್ರ ಮಾಡಿದರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ಬಂತು, ಮರುವರ್ಷ ನಮ್ಮ ಕಡೆಯ ಥಿಯೇಟರಿಗೆ ಬಂತು. ನೂರೊಂದು ವರ್ಷದ ಸೆಂಚುರಿಗೌಡ ಬೀದಿಯಲ್ಲಿ ಕೂತು ಹೋಗುವವರು ಬರುವವರನ್ನೆಲ್ಲ ಬೈಯುತ್ತಾನೆ, ಎದ್ದು ನಾಲ್ಕು ಹೆಜ್ಜೆ ಹಾಕುತ್ತಾನೆ, ಬಿದ್ದು ಸಾಯುತ್ತಾನೆ. ಅಲ್ಲಿಂದ ಹನ್ನೊಂದನೇ ದಿನದ ತಿಥಿಯವರೆಗೆ ಕಥೆ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ; ಜೇಬಿನಲ್ಲಿ ಬ್ರಾಂದಿ ಇಟ್ಟುಕೊಂಡು ನಡೆಯುತ್ತಲೇ ಇರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಬೇಕು, ಅದಕ್ಕಾಗಿ ಬದುಕಿರುವ ಅಪ್ಪನನ್ನೇ ಸತ್ತನೆಂದು ಕಾಗದದಲ್ಲಿ ತೋರಿಸಲು ಹೊರಡುತ್ತಾನೆ. ಮರಿಮಗ ಅಭಿಗೆ ಕುರಿ ಮೇಯಿಸುವವರ ಹುಡುಗಿ ಕಾವೇರಿಯ ಮೇಲೇ ಕಣ್ಣು. ಈ ಪಾತ್ರಗಳನ್ನು ಮಾಡಿದ ಚೆನ್ನೇಗೌಡರು, ತಮ್ಮೇಗೌಡರು, ಸಿಂಗ್ರಿಗೌಡರು ಯಾರೂ ನಟರಲ್ಲ, ಹಳ್ಳಿಯ ಜನ.

ಅದರಲ್ಲಿ ಒಂದು ರಾತ್ರಿ ಇದೆ. ಕುರಿಮಂದೆಯವರ ಜೊತೆ ಬೆಂಕಿಯ ಮುಂದೆ ಕೂತು ಗಡ್ಡಪ್ಪ ತನ್ನ ಹೆಂಡತಿಯ, ತನ್ನಪ್ಪನ ಕಥೆಯನ್ನು ಹೇಳುತ್ತಾನೆ. ಅಷ್ಟು ಹೊತ್ತು ನಮಗೆ ಬೇಜವಾಬ್ದಾರಿಯಂತೆ ಕಂಡಿದ್ದ ಅವನ ನಡಿಗೆಗೆ ಆಗ ಕಾರಣ ತಿಳಿಯುತ್ತದೆ. ದನಿ ಏರುವುದಿಲ್ಲ, ಕಣ್ಣೀರಿಲ್ಲ. ರಾಗಿಯ ಬೆಲೆ ಹೇಳಿದ ಹಾಗೆ ಹೇಳುತ್ತಾನೆ. ನಮ್ಮ ಹಿರಿಯರು ಬದುಕಿನ ಅತಿ ದೊಡ್ಡ ನೋವನ್ನು ಹೇಳುವುದು ಹೀಗೆಯೇ, ಮನೆಯವರಿಗಲ್ಲ, ಮತ್ತೆ ಸಿಗದ ಅಪರಿಚಿತರಿಗೆ. ನಾನು ನೋಡಿದ ಕನ್ನಡ ಚಿತ್ರಗಳಲ್ಲಿ ಇದಕ್ಕೆ ಸಮನಾದ ದೃಶ್ಯ ಇನ್ನೊಂದಿಲ್ಲ.

ನಮ್ಮ ಬೀದಿಯ ಹುಡುಗನೊಬ್ಬನಿಗೆ ಈ ಚಿತ್ರ ಆಗುವುದಿಲ್ಲ. ‘ಬರೀ ಕುಡ್ಯೋರು, ಕುರಿ ಕದ್ಯೋರು. ನಮ್ಮೂರ್ ಮಾನ ಹರಾಜಾಕವ್ರೆ ಕಣ್ ದೊಡ್ಡಪ್ಪ’ ಎನ್ನುತ್ತಾನೆ. ‘ಕುಡಿಯೋರು ನಮ್ಮೂರಲ್ಲಿ ಇಲ್ವೇನ್ಲಾ ಮಗ?’ ಎಂದರೆ, ‘ಅವ್ರೆ, ಆದ್ರೆ ಫಾರಿನ್‌ನವ್ರಿಗ್ಯಾಕ್ ತೋರುಸ್ಬೇಕಿತ್ತು?’ ಎಂದು ಕೇಳುತ್ತಾನೆ. ಅವನ ಅಭಿಮಾನ ನನಗೆ ಅರ್ಥವಾಗುತ್ತದೆ. ಆದರೆ ಕುಡಿತವನ್ನು ತೋರಿಸಿದ್ದರಿಂದ ನಮ್ಮ ಮಾನ ಹೋಗಲಿಲ್ಲ. ಮಾನಕ್ಕೆ ಕುಂದು ಬಂದದ್ದು ಆಮೇಲೆ, ಅದೇ ಹಿರಿಯರನ್ನು ಕರೆದುಕೊಂಡು ಹೋಗಿ ಒಂದರ ಹಿಂದೊಂದು ಚಿತ್ರದಲ್ಲಿ ಬೈಗುಳಕ್ಕೆ, ಅಗ್ಗದ ನಗೆಗೆ ಬಳಸಿಕೊಂಡಾಗ. ‘ತರ್ಲೆ ವಿಲೇಜ್’ ಅಂಥದ್ದೇ ಎಂದು ನನ್ನ ಅನಿಸಿಕೆ. ಆ ಮುಖಗಳು ಅವೇ, ಮಾತೂ ಅದೇ, ಆದರೆ ಕೇಳಿಸಿಕೊಳ್ಳುವ ತಾಳ್ಮೆ ಮಾಯವಾಗಿತ್ತು. 1948ರ ಇಟಲಿಯ ‘ಬೈಸಿಕಲ್ ಥೀವ್ಸ್’ ಚಿತ್ರಕ್ಕೆ ಡಿ ಸಿಕಾ ಒಬ್ಬ ಕಾರ್ಖಾನೆ ಕೆಲಸಗಾರನನ್ನು ನಾಯಕ ಮಾಡಿದ್ದರು. ಜಗತ್ತೇ ಮೆಚ್ಚಿದ ಮೇಲೂ ಆತ ಇದ್ದ ಕೆಲಸ ಕಳೆದುಕೊಂಡು ಕಷ್ಟಪಟ್ಟ. ಜನಸಾಮಾನ್ಯರ ಮುಖವನ್ನು ಪರದೆಗೆ ತಂದವರಿಗೆ ಆ ಮುಖದ ಹೊಣೆಯೂ ಸ್ವಲ್ಪ ಇರಬೇಕು.

ಈರೇಗೌಡರು ಮುಂದೆ ತಾವೇ ನಿರ್ದೇಶಿಸಿದ ‘ಬಳೆಕೆಂಪ’ 2018ರಲ್ಲಿ ರಾಟರ್‌ಡ್ಯಾಮ್ ಉತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆಯಿತು. ಅಲ್ಲೂ ಒಬ್ಬ ಬಳೆಗಾರ, ಊರೂರು ತಿರುಗುವವನು. ನರಸಿಂಹಸ್ವಾಮಿಯವರ ಬಳೆಗಾರ ಗಂಡ ಹೆಂಡಿರ ನಡುವೆ ಸುದ್ದಿ ತರುತ್ತಿದ್ದ. ಇವನ ಮನೆಯಲ್ಲಿ ಗಂಡ ಹೆಂಡಿರ ನಡುವೆ ಮಾತೇ ಇಲ್ಲ. ಒಂದೇ ಜಿಲ್ಲೆಯಿಂದ ಇಂಥ ಇಬ್ಬರು ಬಳೆಗಾರರು ಬಂದರಲ್ಲ ಎಂದು ನನಗೆ ಹೆಮ್ಮೆ.

ನಾಗಮಂಗಲದ ಕಡೆಯ ಕಥೆ ಬೇರೆ. ಸಿನಿಮಾದವರಿಗೆ ಮಂಡ್ಯ ಎಂದರೆ ನಾಲೆ, ಭತ್ತ, ಕಬ್ಬು. ನಾಗಮಂಗಲದ ರಾಗಿ ಹೊಲ, ಹುರುಳಿ, ಒಣಗುವ ತೆಂಗು, ಪಂಚಲೋಹದ ವಿಗ್ರಹ ಎರಕ ಹೊಯ್ಯುವವರ ಕುಲುಮೆ ಯಾವುದೂ ಅವರ ಕಣ್ಣಿಗೆ ಬಿದ್ದಿಲ್ಲ. ಅಲ್ಲಿಯ ನಮ್ಮ ಸೋದರಮಾವನಿಗೆ ಇರುವುದು ಒಂದೇ ಸಿನಿಮಾ, 1972ರ ‘ಬಂಗಾರದ ಮನುಷ್ಯ’. ರಾಜೀವ ಬಂಡೆಯ ನೆಲವನ್ನು ಹಸನು ಮಾಡುವ ಭಾಗ ಬಂದರೆ ಅವರು ಊಟದ ತಟ್ಟೆ ಕೆಳಗಿಡುತ್ತಾರೆ. ಕನ್ನಂಬಾಡಿ ಕಟ್ಟೆಯನ್ನೂ ವಿಶ್ವೇಶ್ವರಯ್ಯನವರನ್ನೂ ನೆನೆಯುವ ಆ ಪ್ರಸಿದ್ಧ ಹಾಡು ಬಂದರೆ, ‘ಆ ನೀರು ನಮ್ ಹೊಲಕ್ಕ್ ಬರ್ನಿಲ್ಲ ಕಣಪ್ಪ’ ಎನ್ನುತ್ತಾರೆ, ಹಾಡು ಮುಗಿಯುವವರೆಗೂ ಕದಲುವುದಿಲ್ಲ. ‘ತಿಥಿ’ಯನ್ನೂ ಅವರ ಪಕ್ಕ ಕೂತು ತೋರಿಸಿದೆ. ಗಡ್ಡಪ್ಪ ಹೊಲದ ನಡುವೆ ನಡೆದು ಹೋಗುವಲ್ಲಿ, ಕಥೆಯನ್ನು ಬಿಟ್ಟು, ಆ ಹೊಲದ ಪೈರನ್ನೇ ನೋಡಿ, ಈ ಸಲ ಅವರಿಗೆ ಮಳೆ ಚೆನ್ನಾಗಿ ಆಗಿದೆ ಎಂದರು.