ನಾನು ತಪ್ಪು ಹಾಕಿದ ಸರಿ ಉತ್ತರ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಬಂಗಾರಪೇಟೆಯ ಒಂದು ಪಿಯು ಕಾಲೇಜು. ದಿನವೂ ಮಾರಿಕುಪ್ಪಂನಿಂದ ರೈಲಿನಲ್ಲಿ ಹೋಗುತ್ತಿದ್ದೆ. ಗಣಕ ವಿಜ್ಞಾನದಲ್ಲಿ ಪಠ್ಯದ ಆಚೆಗೆ ನಾನು ಆರಿಸಿಕೊಂಡ ಪಾಠ 'ಸಿಸ್ಟಂ ಕಾಲ್'. ಪ್ರೋಗ್ರಾಂ ತಾನಾಗಿ ಪರದೆಗೆ ಬರೆಯಲಾರದು, ಫೈಲ್ ತೆರೆಯಲಾರದು. ಕರ್ನಲ್ ಅನ್ನು ಕೇಳಬೇಕು. ಕೇಳುವುದಕ್ಕೊಂದು ಕ್ರಮವಿದೆ. ಕೆಲಸದ ಸಂಖ್ಯೆಯನ್ನು ಒಂದು ರಿಜಿಸ್ಟರಿನಲ್ಲಿ, ವಿವರಗಳನ್ನು ಗೊತ್ತುಪಡಿಸಿದ ಬೇರೆ ರಿಜಿಸ್ಟರುಗಳಲ್ಲಿ ಇಟ್ಟು, ಒಂದು ವಿಶೇಷ ಸೂಚನೆ ಕೊಡಬೇಕು.

ಹಲಗೆಯ ಮೇಲೆ ಬರೆದೆ: ಲಿನಕ್ಸ್‌ನಲ್ಲಿ 'ರೈಟ್' ಕೆಲಸದ ಸಂಖ್ಯೆ 1, ಅದನ್ನು ಇಡುವುದು ಆರ್‌ಎಎಕ್ಸ್‌ನಲ್ಲಿ, ವಿವರಗಳು ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್‌ನಲ್ಲಿ, ಸೂಚನೆ 'ಸಿಸ್‌ಕಾಲ್'. ಮಕ್ಕಳು ಬರೆದುಕೊಂಡರು. ಮರುದಿನದ ಕಿರುಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿನಿ ಸಂಖ್ಯೆ 64, ರಿಜಿಸ್ಟರ್ ಎಕ್ಸ್8, ಸೂಚನೆ ಎಸ್‌ವಿಸಿ ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ.

ತರಗತಿ ಮುಗಿದ ಮೇಲೆ ಬಂದಳು. "ಮಿಸ್, ನಮ್ಮನೇಲಿ ಕಂಪ್ಯೂಟರ್ ಇಲ್ಲ. ಅಪ್ಪನ ಫೋನಲ್ಲಿ ಮಾಡಿ ನೋಡ್ದೆ. ಒಂದು ಹಾಕಿದ್ರೆ ಏನೂ ಬರಲ್ಲ, ಅರವತ್ನಾಲ್ಕು ಹಾಕಿದ್ರೇನೇ ಅಕ್ಷರ ಬರೋದು."

ಫೋನಿನಲ್ಲಿದ್ದದ್ದು 64 ಬಿಟ್‌ನ ಆರ್ಮ್ ಪ್ರೊಸೆಸರ್. ಅವಳ ಉತ್ತರ ಸರಿ. ನಾನು ಬರೆದದ್ದು 64 ಬಿಟ್‌ನ ಇಂಟೆಲ್ ಮಾದರಿಗೆ ಮಾತ್ರ ಸರಿ. ಅದನ್ನೇ ಹಲಗೆಯ ಮೇಲೆ ಬರೆದಿರಲಿಲ್ಲ.

ಸಂಜೆ ಮನೆಯಲ್ಲಿ ತಾತನಿಗೆ ಹೇಳಿದೆ. 2001ರಲ್ಲಿ ಗಣಿ ಮುಚ್ಚುವ ಮೊದಲು ಅವರು ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಬಾವಿಯ ಹತ್ತಿರ ಕೆಲಸ ಮಾಡಿದವರು. ಪಂಜರವನ್ನು ಏರಿಸಿ ಇಳಿಸುವ ಇಂಜಿನ್ ಚಾಲಕನಿಗೆ ಪಂಜರ ಕಾಣುವುದಿಲ್ಲ. ಕೇಳುವುದು ಗಂಟೆಯ ಎಣಿಕೆ ಮಾತ್ರ. ಎಷ್ಟು ಹೊಡೆದರೆ ಏನೆಂಬ ಫಲಕ ಬಾವಿಯ ಬಾಯಲ್ಲೂ ಇರಬೇಕು, ಇಂಜಿನ್ ಮನೆಯಲ್ಲೂ ಇರಬೇಕು. "ಯೋಚನೆ ಮಾಡಿದ್ರೆ ಗೊತ್ತಾಗಲ್ಲಮ್ಮ, ಬೋರ್ಡ್ ನೋಡ್ಬೇಕು" ಎಂದರು ತಾತ.

ಮುಂದಿನ ತರಗತಿಯಲ್ಲಿ ಎಲ್ಲರೆದುರು ಅವಳ ಅಂಕ ಸರಿಪಡಿಸಿದೆ. ಪಾಠವನ್ನು ಮತ್ತೆ ಮಾಡಿದೆ. ಈ ಸಲ ಕೋಷ್ಟಕದ ಮೊದಲ ಅಂಕಣವೇ ಪ್ರೊಸೆಸರ್. 32 ಬಿಟ್‌ನ ಇಂಟೆಲ್‌ನಲ್ಲಿ 'ರೈಟ್' 4, ರಿಜಿಸ್ಟರ್ ಇಎಎಕ್ಸ್. ಆರ್ಮ್ 64ರಲ್ಲಿ 64, ಎಕ್ಸ್8. ಮದ್ರಾಸ್ ಐಐಟಿಯ 'ಶಕ್ತಿ' ಪ್ರೊಸೆಸರ್ ಅನುಸರಿಸುವ ರಿಸ್ಕ್-ಫೈವ್‌ನಲ್ಲೂ 64; ಆದರೆ ರಿಜಿಸ್ಟರ್ ಎ7, ಸೂಚನೆ ಇಕಾಲ್. ಲಿನಕ್ಸ್ ಕೈಪಿಡಿಯಲ್ಲೂ ಸೂಚನೆ, ರಿಜಿಸ್ಟರುಗಳನ್ನು ಹೀಗೆ ಪ್ರೊಸೆಸರಿಗೊಂದು ಸಾಲಿನಂತೆಯೇ ಕೊಟ್ಟಿದ್ದಾರೆ.

ಪ್ರಶ್ನೆಯನ್ನೂ ಬದಲಿಸಿದೆ. ಸಂಖ್ಯೆ ಬಾಯಿಪಾಠ ಕೇಳಲಿಲ್ಲ. ಕೋಷ್ಟಕ ಕೈಗೆ ಕೊಟ್ಟು, "ಈ ನಾಲ್ಕು ಸಾಲಿನ ಪ್ರೋಗ್ರಾಂ ಯಾವ ಯಂತ್ರದ್ದು? ಹೇಗೆ ತಿಳಿಯಿತು?" ಎಂದು ಕೇಳಿದೆ. ಹಿಂದಿನ ಬೆಂಚಿನಿಂದಲೂ ಕೈಗಳು ಎದ್ದವು.

ನಮ್ಮ ಪಾಠ ಯೋಜನೆಯಲ್ಲಿ 'ಪೂರ್ವಜ್ಞಾನ' ಎಂಬ ಅಂಕಣವಿದೆ. ಮೊದಲ ಸಲ ಅಲ್ಲಿ 'ಕಂಪ್ಯೂಟರ್ ಬಳಕೆ ಗೊತ್ತಿದೆ' ಎಂದು ಬರೆದು ಮುಗಿಸಿದ್ದೆ. ಮಕ್ಕಳ ಮನೆಯಲ್ಲಿ ಯಾವ ಯಂತ್ರವಿದೆ ಎಂದು ಕೇಳಿ ಬರೆದಿದ್ದರೆ, ಆ ಕೆಂಪು ಗುರುತು ಬೀಳುತ್ತಿರಲಿಲ್ಲ.